ಕಪ್ಪು ಶೇಲ್‌ನ ವಯಸ್ಸು: ನಾನು ಕೆಡಿಸಿದ್ದು, ಆಮೇಲೆ ಸರಿಮಾಡಿದ್ದು

"ಕಲ್ಲಲ್ಲಿ ಇಂಗಾಲ ಇದೆ ಅಂತೀಯ. ಕಾರ್ಬನ್ ಡೇಟಿಂಗ್ ಮಾಡಿಸಿದ್ರೆ ಮುಗೀತಲ್ವಾ?" ಮಂಡ್ಯದ ಆಲೆಮನೆಯಲ್ಲಿ ಕೂತು ಮಾವ ಕೇಳಿದರು. ಆಗೋದಿಲ್ಲ. ಅದರಲ್ಲಿ ಅಳೆಯುವ ಇಂಗಾಲ-14ರ ಅರ್ಧಾಯುಷ್ಯ, ಅಂದರೆ ಅರ್ಧದಷ್ಟು ಕ್ಷಯಿಸಲು ಹಿಡಿಯುವ ಕಾಲ, 5,730 ವರ್ಷ. ಸುಮಾರು 50,000 ವರ್ಷ ದಾಟಿದರೆ ಅಳೆಯಲು ಏನೂ ಉಳಿದಿರುವುದಿಲ್ಲ. ನನ್ನ ಕೈಲಿದ್ದ ವಿಂಧ್ಯದ ಕಪ್ಪು ಶೇಲ್ (ಕೆಸರು ಪದರ ಪದರವಾಗಿ ಗಟ್ಟಿಯಾದ ಕಲ್ಲು) ನೂರು ಕೋಟಿ ವರ್ಷಕ್ಕೂ ಹಳೆಯದು.

ಇಂಥ ಕಲ್ಲಿಗೆ ರೀನಿಯಂ-ಆಸ್ಮಿಯಂ ವಿಧಾನ ಬೇಕು. ಆಮ್ಲಜನಕ ಇಲ್ಲದ ಸಮುದ್ರದ ತಳದಲ್ಲಿ ಕೆಸರು ಕೂರುವಾಗ, ಅದರಲ್ಲಿನ ಸಾವಯವ ವಸ್ತು ನೀರಿನಿಂದ ಈ ಎರಡೂ ಲೋಹಗಳನ್ನು ಹಿಡಿದುಕೊಳ್ಳುತ್ತದೆ. ಆಮೇಲೆ ರೀನಿಯಂ-187 ಮೆಲ್ಲಗೆ ಆಸ್ಮಿಯಂ-187 ಆಗುತ್ತಾ ಹೋಗುತ್ತದೆ. ಅರ್ಧಾಯುಷ್ಯ ಸುಮಾರು 4,160 ಕೋಟಿ ವರ್ಷ!

ಮೊದಲ ಸಲ ರಸ್ತೆ ಬದಿಯ ಬಂಡೆಯಿಂದ ತಂದ ಚೂರುಗಳನ್ನು ಮೈಸೂರಿನಲ್ಲಿ ಉಕ್ಕಿನ ಗಿರಣಿಗೆ ಹಾಕಿ ಪುಡಿ ಮಾಡಿಬಿಟ್ಟೆ. ಪ್ರತಿ ಚೂರಿನ ರೀನಿಯಂ, ಆಸ್ಮಿಯಂ ಅಳತೆಗೆ ಒಂದೊಂದು ಚುಕ್ಕಿ ಇಟ್ಟರೆ ಗ್ರಾಫಿನಲ್ಲಿ ಅವು ಒಂದು ಗೆರೆಯಲ್ಲಿ ಕೂರಬೇಕು, ಆದರೆ ಚೆಲ್ಲಿದ ರಾಗಿಯಂತೆ ಬಿದ್ದವು. ಮಳೆ ಗಾಳಿಗೆ ಸವೆದ ಕಲ್ಲಿನಿಂದ ರೀನಿಯಂ ಸುಲಭವಾಗಿ ಕೊಚ್ಚಿಹೋಗುತ್ತದೆ. ಮೇಲೆ ಉಕ್ಕಿನ ಕಲಬೆರಕೆ ಬೇರೆ. ಕಲ್ಲಿನಲ್ಲಿ ಈ ಲೋಹಗಳಿರೋದೇ ನೂರು ಕೋಟಿಯಲ್ಲಿ ಕೆಲವೇ ಭಾಗ. ಅಷ್ಟಕ್ಕೆ ಚೂರು ಲೋಹ ತಾಗಿದರೂ ಜಾಸ್ತಿಯೇ.

ಎರಡನೇ ಸಲ ಆಳದಿಂದ ಕೊರೆದು ತೆಗೆದ ಕೋರ್ (ಕೋಲಿನಂಥ ಕಲ್ಲಿನ ತುಂಡು) ಸಿಕ್ಕಿತು. ಗರಗಸದ ಗುರುತನ್ನೆಲ್ಲ ಉಜ್ಜಿ ತೆಗೆದೆ. ಪ್ಲಾಸ್ಟಿಕ್‌ನಲ್ಲಿ ಸುತ್ತಿ ಒಡೆದೆ, ಅಗೇಟ್ ಎಂಬ ಗಟ್ಟಿ ಕಲ್ಲಿನ ಪಾತ್ರೆಯಲ್ಲಿ ಅರೆದೆ. ಒಂದೊಂದು ಮಾದರಿಗೂ 30 ಗ್ರಾಂ. ಚಿಟಿಕೆ ಸಾಲದು, ಮಿಲಿಮೀಟರ್ ದೂರದಲ್ಲೇ ಈ ಲೋಹಗಳ ಪ್ರಮಾಣ ಬದಲಾಗುತ್ತದೆ. ಒಟ್ಟು ಎಂಟು ಚೂರು, ಎಲ್ಲವನ್ನೂ ಹತ್ತಿರ ಹತ್ತಿರದ ಪದರಗಳಿಂದಲೇ ಆರಿಸಿದೆ. ಯಾಕೆ ಅಂತ ಮಾವನಿಗೆ ಹೇಳುವುದು ಸುಲಭವಾಯಿತು: ಎಲ್ಲವೂ ಒಂದೇ ಕೊಪ್ಪರಿಗೆಯ ಪಾಕ ಆಗಿರಬೇಕು. ಶುರುವಿನ ಆಸ್ಮಿಯಂ ಒಂದೇ ಥರ ಇರಬೇಕು, ರೀನಿಯಂ ಮಾತ್ರ ಹೆಚ್ಚು ಕಡಿಮೆ. ಆಗಷ್ಟೇ ಚುಕ್ಕಿಗಳು ಗೆರೆ ಹಿಡಿಯುತ್ತವೆ. ಗೆರೆಯ ಓರೆಯಿಂದಲೇ ವಯಸ್ಸು ಸಿಗುತ್ತದೆ.

ರಸಾಯನದ ಕೆಲಸ ಬೇರೆ ಊರಿನ ಕ್ಲೀನ್ ಲ್ಯಾಬಿನಲ್ಲಿ, ಅಂದರೆ ಧೂಳು ಕೂಡ ಒಳಬರದಂತೆ ಕಾಯುವ ಪ್ರಯೋಗಾಲಯದಲ್ಲಿ. ಪುಡಿಯನ್ನು ಕ್ರೋಮಿಕ್-ಸಲ್ಫ್ಯೂರಿಕ್ ಆಮ್ಲದ ಜೊತೆ ಗಾಜಿನ ಕೊಳವೆಗೆ ಹಾಕಿ, ಬಾಯಿ ಬೆಸೆದು, 240 ಡಿಗ್ರಿಯಲ್ಲಿ ಎರಡು ದಿನ ಇಟ್ಟೆವು. ಅಕ್ವಾ ರೀಜಿಯಾ (ನೈಟ್ರಿಕ್, ಹೈಡ್ರೋಕ್ಲೋರಿಕ್ ಆಮ್ಲಗಳ ಮಿಶ್ರಣ) ಬಳಸಿದರೆ ನೆಲದಿಂದ ಹರಿದು ಬಂದ ಹಳೇ ಮಣ್ಣಿನ ಲೋಹವೂ ಕರಗಿ ಬೆರೆಯುತ್ತದೆ. ಈ ಆಮ್ಲ ಹೆಚ್ಚಾಗಿ ಸಾವಯವ ಭಾಗವನ್ನಷ್ಟೇ ಬಿಡಿಸುತ್ತದೆ.

ಏಳು ಚುಕ್ಕಿ ಗೆರೆಯ ಮೇಲೆ ಕೂತವು. ಎಂಟನೆಯದು ಹೊರಗೆ. ಸುಮ್ನೆ ಅಳಿಸಿಬಿಡೋಣ ಅನ್ನಿಸಿತ್ತು. ನೋಟ್‌ಬುಕ್ ತೆಗೆದು ನೋಡಿದರೆ ನನ್ನದೇ ಅಕ್ಷರ: "ಬಿಳಿ ಎಳೆ ಇದೆ." ಅಂಥ ಎಳೆ ಅಂದರೆ ಆಮೇಲೆ ಬಿರುಕಿನಲ್ಲಿ ದ್ರವ ಹರಿದ ಗುರುತು, ಆ ಚೂರನ್ನು ಆರಿಸಲೇಬಾರದಿತ್ತು. ಕಾರಣ ಬರೆದು, ಅದನ್ನು ಸೇರಿಸಿದ ಲೆಕ್ಕ, ಬಿಟ್ಟ ಲೆಕ್ಕ ಎರಡನ್ನೂ ಕೊಟ್ಟೆ.