ಕಕ್ಕಡ ಮುಗಿಯುವುದರೊಳಗೆ ವಿಎಚ್‌ಎಸ್ ತಂತ್ರಾಂಶ ಅಪ್‌ಡೇಟ್ ಮಾಡಿಕೊಳ್ಳುವುದು ಹೇಗೆ?

ಕಕ್ಕಡ ಮಾಸದಲ್ಲಿ ಕೊಡವರ ಮನೆಗಳಲ್ಲಿ ಮದುವೆ ನಡೆಯುವುದಿಲ್ಲ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪಲಿನ ವಿಡಿಯೊ ಎಡಿಟರ್‌ಗಳಿಗೆ ಉಸಿರಾಡಲು ಸಿಗುವ ಕಾಲವಿದು. ಹಳೆಯ ವಿಎಚ್‌ಎಸ್ ವಿಡಿಯೊ ಕ್ಯಾಸೆಟ್‌ನ ಛಾಯೆ ಕೊಡುವ ತಂತ್ರಾಂಶಗಳನ್ನು ಅಪ್‌ಡೇಟ್ ಮಾಡಬೇಕಾದದ್ದು ಆಗಲೇ. ಅರ್ಧ ಮುಗಿದ ಮದುವೆ ವಿಡಿಯೊ ಟೈಮ್‌ಲೈನ್‌ನಲ್ಲಿ ಇರುವಾಗ ಮಾತ್ರ ಖಂಡಿತ ಬೇಡ. ಮುಹೂರ್ತದ ದೃಶ್ಯ ಒಂದು ಬಣ್ಣದಲ್ಲಿ, ವಾಲಗದ ಕುಣಿತ ಇನ್ನೊಂದರಲ್ಲಿ ಬಂದರೆ ಉತ್ತರ ಹೇಳಬೇಕಾದವರು ನೀವು.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಎನ್‌ಟಿಎಸ್‌ಸಿ-ಆರ್‌ಎಸ್. ಉಚಿತ, ಮುಕ್ತ ಆಕರದ ತಂತ್ರಾಂಶ. ಒಂಟಿಯಾಗಿಯೂ ಓಡುತ್ತದೆ, ಪ್ರೀಮಿಯರ್, ಆಫ್ಟರ್ ಎಫೆಕ್ಟ್ಸ್, ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ತಂತ್ರಾಂಶಗಳ ಒಳಗೆ ಪ್ಲಗಿನ್ ಆಗಿಯೂ ಕುಳಿತುಕೊಳ್ಳುತ್ತದೆ.

ಮೊದಲು ಹಳೆಯದನ್ನು ಭದ್ರ ಮಾಡಿ. ನಿಮ್ಮ ಪ್ರೀಸೆಟ್‌ಗಳನ್ನು (ಒಂದು ಛಾಯೆಗೆ ಹೊಂದಿಸಿಟ್ಟ ಮೌಲ್ಯಗಳ ಗುಚ್ಛ) ಫೈಲ್ ಆಗಿ ಹೊರಗೆ ಉಳಿಸಿ, ಆವೃತ್ತಿಯ ಸಂಖ್ಯೆಯನ್ನು ಫೈಲ್ ಹೆಸರಿನಲ್ಲೇ ಬರೆಯಿರಿ, ಹಳೆಯ ಇನ್‌ಸ್ಟಾಲರ್ ಅಳಿಸಬೇಡಿ. ಬಳಿಕ ಹತ್ತು ಸೆಕೆಂಡಿನ ಒಂದು ಪರೀಕ್ಷಾ ತುಣುಕನ್ನು ಹಳೆಯ ಆವೃತ್ತಿಯಲ್ಲೇ ರೆಂಡರ್ ಮಾಡಿ ಇಟ್ಟುಕೊಳ್ಳಿ. ಬಿಳಿ ಕುಪ್ಯದ (ಉದ್ದ ಅಂಗಿ) ಮೇಲೆ ಕೆಂಪು ಚೇಲೆ (ಸೊಂಟಪಟ್ಟಿ) ಕಟ್ಟಿದ ಮದುಮಗನ ದೃಶ್ಯಕ್ಕಿಂತ ಒಳ್ಳೆಯ ತುಣುಕು ಸಿಗಲಾರದು. ವಿಎಚ್‌ಎಸ್‌ನಲ್ಲಿ ಬಣ್ಣದ ಸಂಕೇತವನ್ನು ಸುಮಾರು 627 ಕಿಲೋಹರ್ಟ್ಸ್‌ಗೆ ಇಳಿಸಿ ಟೇಪಿಗೆ ಬರೆಯುತ್ತಿದ್ದರು. ಬೆಳಕಿನ ವಿವರಕ್ಕೆ ಸುಮಾರು 3 ಮೆಗಾಹರ್ಟ್ಸ್ ಜಾಗವಿತ್ತು, ಬಣ್ಣಕ್ಕೆ ಅದರ ಸಣ್ಣ ಪಾಲು. ಹಾಗಾಗಿ ಚೇಲೆಯ ಅಂಚು ಸ್ಪಷ್ಟವಾಗಿದ್ದರೂ ಕೆಂಪು ಮಾತ್ರ ಕುಪ್ಯದ ಬಿಳಿಗೆ ಹರಡುತ್ತದೆ. ತಂತ್ರಾಂಶ ಬದಲಾದರೆ ಮೊದಲು ಕಾಣುವುದು ಈ ಸೋರಿಕೆಯಲ್ಲೇ.

ನಂತರ ಬಿಡುಗಡೆ ಟಿಪ್ಪಣಿ ಓದಿ. ವೇಗ ಹೆಚ್ಚಿದೆ, ದೋಷ ಸರಿಪಡಿಸಿದೆ ಎಂಬ ಸಾಲುಗಳನ್ನು ದಾಟಿ ಹೋಗಬಹುದು. ಗಮನಿಸಬೇಕಾದದ್ದು ಪೂರ್ವನಿಯೋಜಿತ ಮೌಲ್ಯ ಬದಲಾಗಿದೆಯೇ, ಹೊಸ ಆಯ್ಕೆ ಸೇರಿದೆಯೇ, ಫೀಲ್ಡ್‌ಗಳ (ಒಂದು ಚೌಕಟ್ಟಿನ ಸಮ, ಬೆಸ ಸಾಲುಗಳ ಗುಂಪು) ನಿರ್ವಹಣೆ ಬೇರೆಯಾಗಿದೆಯೇ ಎಂಬುದು. ನಿಮ್ಮ ಹಳೆಯ ಪ್ರೀಸೆಟ್‌ನಲ್ಲಿ ಇಲ್ಲದ ಆಯ್ಕೆಗೆ ತಂತ್ರಾಂಶ ತನ್ನದೇ ಮೌಲ್ಯ ತುಂಬಿಕೊಳ್ಳಬಹುದು.

ಡೌನ್‌ಲೋಡನ್ನು ಯೋಜನೆಯ ಅಧಿಕೃತ ಪುಟದಿಂದಲೇ ಮಾಡಿ. ಮಳೆಗಾಲದ ಕರೆಂಟನ್ನು ನಂಬಿ ಇನ್‌ಸ್ಟಾಲ್‌ಗೆ ಕೈ ಹಾಕಬೇಡಿ. ಯುಪಿಎಸ್ ಇರಲಿ, ಇಲ್ಲವಾದರೆ ಬ್ಯಾಟರಿ ತುಂಬಿದ ಲ್ಯಾಪ್‌ಟಾಪ್ ಸಾಕು. ಒಂಟಿ ತಂತ್ರಾಂಶದ ಎರಡು ಆವೃತ್ತಿಗಳನ್ನು ಬೇರೆ ಬೇರೆ ಫೋಲ್ಡರ್‌ಗಳಲ್ಲಿ ಇಡಬಹುದು. ಪ್ಲಗಿನ್‌ಗೆ ಆ ಸೌಕರ್ಯವಿಲ್ಲ. ವಿಂಡೋಸ್‌ನಲ್ಲಿ ರಿಸಾಲ್ವ್ ಓದುವುದು ಪ್ರೋಗ್ರಾಂ ಫೈಲ್ಸ್‌ನ ಕಾಮನ್ ಫೈಲ್ಸ್ ಒಳಗಿನ ಓಎಫ್‌ಎಕ್ಸ್ ಪ್ಲಗಿನ್ಸ್ ಫೋಲ್ಡರನ್ನು. ಎಡಿಟಿಂಗ್ ತಂತ್ರಾಂಶವನ್ನು ಮುಚ್ಚಿ, ಹಳೆಯ ಪ್ಲಗಿನ್ ಅನ್ನು ಆ ಫೋಲ್ಡರಿನ ಆಚೆಗೆ ಸರಿಸಿ, ಹೊಸದನ್ನು ಇಟ್ಟು, ಮತ್ತೆ ತೆರೆಯಿರಿ. ಹೆಸರು ಬದಲಿಸಿ ಅಲ್ಲೇ ಬಿಡುವವರಿದ್ದಾರೆ. ಆಮೇಲೆ ಯಾವುದು ಓಡುತ್ತಿದೆ ಎಂದು ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಈಗ ಅದೇ ತುಣುಕನ್ನು, ಅದೇ ಪ್ರೀಸೆಟ್ಟಿನಲ್ಲಿ ಹೊಸ ಆವೃತ್ತಿಯಿಂದ ರೆಂಡರ್ ಮಾಡಿ. ಎರಡನ್ನೂ ಟೈಮ್‌ಲೈನ್‌ನಲ್ಲಿ ಒಂದರ ಮೇಲೊಂದಿಟ್ಟು ಮೇಲಿನದನ್ನು, ಎರಡರ ವ್ಯತ್ಯಾಸವನ್ನಷ್ಟೇ ತೋರಿಸುವ ಡಿಫರೆನ್ಸ್ ಮೋಡ್‌ಗೆ ಹಾಕಿ. ಪರದೆ ಪೂರ್ತಿ ಕಪ್ಪಾದರೆ ಏನೂ ಬದಲಾಗಿಲ್ಲ. ಎರಡೂ ರೆಂಡರ್ ನಷ್ಟವಿಲ್ಲದ ಕೋಡೆಕ್‌ನಲ್ಲಿರಬೇಕು, ಇಲ್ಲವಾದರೆ ಸಂಕುಚನದ ಕಸವೇ ವ್ಯತ್ಯಾಸದಂತೆ ಕಾಣುತ್ತದೆ. ಪರದೆಯ ಮೇಲೆ ಚುಕ್ಕಿ, ಗೆರೆ ಮೂಡಿಸುವ ಸ್ನೋ, ಟ್ರ್ಯಾಕಿಂಗ್ ನಾಯ್ಸ್‌ನಂಥವನ್ನು ಮೊದಲ ಸುತ್ತಿನಲ್ಲಿ ಆಫ್ ಮಾಡಿ, ಆಮೇಲೆ ಒಂದೊಂದಾಗಿ ಹಚ್ಚಿ ನೋಡಿ. ರ‍್ಯಾಂಡಮ್ ಸೀಡ್ (ಚುಕ್ಕಿಗಳ ಜಾಗ ನಿರ್ಧರಿಸುವ) ಸಂಖ್ಯೆ ಒಂದೇ ಆಗಿದ್ದರೂ ಚುಕ್ಕಿಗಳು ಹಿಂದಿನ ಜಾಗದಲ್ಲೇ ಬೀಳುತ್ತವೆಂಬ ಖಾತರಿಯಿಲ್ಲ.

ಅಪ್‌ಡೇಟ್ ಆದ ಕೂಡಲೇ ಹೊಸ ಪ್ರೀಸೆಟ್‌ಗಳನ್ನು ಹಾಗೆಯೇ ಬಳಸುವವರಿಗೆ ಒಂದು ತಕರಾರು. ಹೆಸರೇ ಹೇಳುವಂತೆ ಈ ತಂತ್ರಾಂಶ ಅನುಕರಿಸುವುದು ಅಮೆರಿಕದ ಹಳೆಯ ಟಿವಿ ಪದ್ಧತಿಯಾದ ಎನ್‌ಟಿಎಸ್‌ಸಿಯನ್ನು: 525 ಸಾಲು, ಸೆಕೆಂಡಿಗೆ 29.97 ಚೌಕಟ್ಟು. ನಮ್ಮಲ್ಲಿದ್ದದ್ದು 625 ಸಾಲು, 25 ಚೌಕಟ್ಟಿನ ಪಾಲ್ ಪದ್ಧತಿ. ಪಾಲ್‌ನಲ್ಲಿ ಬಣ್ಣದ ಒಂದು ಘಟಕದ ದಿಕ್ಕು ಸಾಲು ಬಿಟ್ಟು ಸಾಲಿಗೆ ತಿರುಗುವುದರಿಂದ, ಬಣ್ಣವನ್ನೇ ಬದಲಿಸಿಬಿಡುವ ಫೇಸ್ ದೋಷಗಳು ಪರಸ್ಪರ ಕಳೆದುಹೋಗುತ್ತವೆ. ಬಣ್ಣ ಸ್ವಲ್ಪ ಪೇಲವವಾಗುತ್ತದೆಯೇ ಹೊರತು ಮುಖ ಹಸಿರಾಗುವುದಿಲ್ಲ. ಹಾಗಾಗಿ ಚರ್ಮದ ಬಣ್ಣವನ್ನು ಹಸಿರು, ನೇರಳೆಗೆ ಎಳೆಯುವ ಪ್ರೀಸೆಟ್ಟು ನಮ್ಮ ಐನ್‌ಮನೆಯ (ಕುಲದ ಮೂಲಮನೆ) ಹಳೆಯ ಕ್ಯಾಸೆಟ್ಟಿಗೆ ಒಪ್ಪುವುದಿಲ್ಲ. ಫೇಸ್ ದೋಷದ ಗುಂಡಿಗಳನ್ನು ಸೊನ್ನೆಗೆ ತಂದು, ಟೈಮ್‌ಲೈನನ್ನು 25 ಚೌಕಟ್ಟಿಗೆ ಇಟ್ಟು, ಚಿತ್ರವನ್ನು ಮೊದಲು 720×576ಕ್ಕೆ ಇಳಿಸಿ ಪರಿಣಾಮ ಹಾಕಿ. 4ಕೆ ಚಿತ್ರದ ಮೇಲೆ ನೇರವಾಗಿ ಹಾಕಿದರೆ ಗೆರೆಗಳು ಕೂದಲೆಳೆಯಾಗಿ ಮೋಸ ಬಯಲಾಗುತ್ತದೆ. ಟೇಪು ಓದುವ ಹೆಡ್ ಬದಲಾಗುವಾಗ ಚಿತ್ರದ ಬುಡದಲ್ಲಿ ಕಾಣುವ ಹೆಡ್ ಸ್ವಿಚಿಂಗ್ ಪಟ್ಟಿಯನ್ನು ಕಡಿಮೆ ಮಾಡಿದರೂ ನಡೆದೀತು: ಹಳೆಯ ಟಿವಿಯ ಚೌಕಟ್ಟು ಅದನ್ನು ಮರೆಮಾಡುತ್ತಿತ್ತು, ಮನೆಯವರು ಯಾರೂ ಅದನ್ನು ನೋಡಿಯೇ ಇಲ್ಲ.

ಹೋಲಿಸಲು ಮನೆಯ ನಿಜವಾದ ಕ್ಯಾಸೆಟ್ ಹುಡುಕಿದರೆ, ವಿಸಿಆರ್‌ಗೆ ಹಾಕುವ ಮುನ್ನ ಕ್ಯಾಸೆಟ್ಟಿನ ಪುಟ್ಟ ಕಿಟಕಿಯಿಂದ ಟೇಪಿನ ಸುರುಳಿ ನೋಡಿ. ಕೊಡಗಿನ ತೇವಕ್ಕೆ ಟೇಪಿನ ಅಂಚಿನಲ್ಲಿ ಬಿಳಿ ಬೂಸ್ಟು ಕೂತಿದ್ದರೆ ಓಡಿಸಬೇಡಿ. ಅದು ಹೆಡ್‌ಗೆ ಅಂಟಿ, ಮುಂದೆ ಹಾಕುವ ಒಳ್ಳೆಯ ಕ್ಯಾಸೆಟ್ಟಿಗೂ ಹರಡುತ್ತದೆ. ಶುಚಿಗೊಳಿಸಲು ಬಲ್ಲವರ ಕೈಗೆ ಕೊಡಿ.