ಮಳೆಗಾಲದಲ್ಲೂ ಓಡುತ್ತಿದ್ದ ಸಿಲಿಂಡರ್ ಬಾಡಿಗೆ: ನನ್ನ ಅನುಭವ

"ಕಾಫಿಗೆ ಹಾಲು ಬೇಕು ಅಂತ ಯಾರಾದ್ರೂ ಎಮ್ಮೆ ಕಟ್ತಾರೇನೋ?"

ವೆಲ್ಡಿಂಗ್ ಗ್ಯಾಸಿನ ಸಿಲಿಂಡರ್ ಸ್ವಂತಕ್ಕೆ ಕೊಳ್ಳುತ್ತೇನೆ ಎಂದಾಗ ನನಗೆ ಕೆಲಸ ಕಲಿಸಿದ ಅಣ್ಣ ಹೇಳಿದ ಮಾತು ಇದು. ಅವರದು ಚಿಕ್ಕಮಗಳೂರು ಪೇಟೆಯಲ್ಲಿ ದೊಡ್ಡ ವರ್ಕ್‌ಶಾಪ್. ನನ್ನದು ಬೇಲೂರು ರಸ್ತೆ ಕಡೆ, ಮನೆ ಹಿಂದಿನ ಹಳೇ ಕೊಟ್ಟಿಗೆಗೆ ಶೀಟ್ ಹೊದಿಸಿ ಮಾಡಿಕೊಂಡ ಶೆಡ್. ಅಣ್ಣ ಮಾತ್ರ ಅಲ್ಲ, ಸಿಲಿಂಡರ್ ಬಾಡಿಗೆಗೆ ಕೊಡುವ ಡೀಲರ್ ಕೂಡ ನಕ್ಕ. ಮನೆಯವಳಂತೂ ಎರಡು ದಿನ ಮಾತು ಬಿಟ್ಟಳು. ಈಗ ಮೂರು ವರ್ಷ ಚಿಲ್ಲರೆ ಆಯ್ತು. ಲೆಕ್ಕ ನನ್ನ ಕಡೆ ತಿರುಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಕಡೆ ಕೆಲಸ ವರ್ಷಪೂರ್ತಿ ಒಂದೇ ಸಮ ಇರಲ್ಲ. ನವೆಂಬರಿನಿಂದ ಕಾಫಿ ಕೊಯ್ಲು, ಆಗ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ), ಟ್ರೈಲರ್, ಗೇಟು. ಫೆಬ್ರವರಿ-ಮಾರ್ಚ್, ಕಾಫಿ ಹೂ ಅರಳಿಸುವ ಹೂಮಳೆ ಕಾಯುವ ಕಾಲ. ಮಳೆ ಬರದಿದ್ದರೆ ರೊಬಸ್ಟಾ ಕಾಫಿ ತೋಟದವರೆಲ್ಲ ಒಟ್ಟಿಗೆ ಸ್ಪ್ರಿಂಕ್ಲರ್ ಇಳಿಸುತ್ತಾರೆ. ವರ್ಷವಿಡೀ ಗೋಡೌನಿನಲ್ಲಿ ಬಿದ್ದಿದ್ದ ಅಲ್ಯೂಮಿನಿಯಂ ಪೈಪು, ಕಪ್ಲರ್ ಎಲ್ಲ ಆಗಲೇ ಸೋರುವುದು. ತೋಟದ ಲೆಕ್ಕ ನೋಡುವ ಎಸ್ಟೇಟ್ ರೈಟ್ರು ಬೆಳಗ್ಗೆ ಆರಕ್ಕೇ ಬಂದು ಶೆಡ್ ಮುಂದೆ ನಿಂತಿರುತ್ತಾರೆ. ಆರ್ಗಾನ್ ಗ್ಯಾಸಿನಲ್ಲಿ ಅಲ್ಯೂಮಿನಿಯಂ ಬೆಸೆಯುವ ನನ್ನ ಟಿಗ್ ಮಷೀನು ದುಡಿಯುವುದು ಆ ಆರೇಳು ವಾರ. ಜೂನ್ ಬಂತೋ, ಕರೆಂಟೂ ಇಲ್ಲ, ಗಿರಾಕಿಯೂ ಇಲ್ಲ.

ಆದರೆ ಬಾಡಿಗೆಗೆ ಮಳೆಗಾಲ ಗೊತ್ತಿಲ್ಲ ನೋಡಿ. ಆಕ್ಸಿಜನ್, ಡಿ.ಎ. (ಅಸಿಟೋನಿನಲ್ಲಿ ಕರಗಿಸಿ ತುಂಬಿದ ಅಸಿಟಿಲಿನ್ ಗ್ಯಾಸು), ಆರ್ಗಾನ್, ಹೀಗೆ ಮೂರು ಸಿಲಿಂಡರ್ ಇಟ್ಟಿದ್ದೆ. ಒಂದೊಂದಕ್ಕೆ ಆರು ಸಾವಿರ ಡೆಪಾಸಿಟ್. ತುಂಬಿಸಿದ ಮೊದಲ ಹತ್ತು ದಿನ ಫ್ರೀ, ಆಮೇಲೆ ದಿನಕ್ಕೆ ಸುಮಾರು 12 ರೂಪಾಯಿ. ಹನ್ನೆರಡು ರೂಪಾಯಿ ಯಾವ ಲೆಕ್ಕ ಅಂತ ನಾನೂ ಸುಮ್ನೆ ಇದ್ದೆ. ಒಂದು ಆಗಸ್ಟಿನಲ್ಲಿ ಮಳೆ ಹಿಡಿದು ಕೂತಾಗ ಬಾಡಿಗೆಯ ಲೆಕ್ಕ ಹಾಕಿದೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ 120 ದಿನ, ಮೂರು ಸಿಲಿಂಡರ್, 4,320 ರೂಪಾಯಿ. ಮೂಲೆಯಲ್ಲಿ ಗೋಣಿ ಹೊದ್ದು ನಿಂತದ್ದಕ್ಕೆ! ವರ್ಷಕ್ಕೆ ಹನ್ನೆರಡು ಸಾವಿರದ ಹತ್ತಿರ ಹೋಗುತ್ತಿತ್ತು. ಹುಲ್ಲು ತಿನ್ನುವ ಎಮ್ಮೆ ಯಾವುದು ಅಂತ ಆವತ್ತು ಗೊತ್ತಾಯ್ತು.

ಅದಕ್ಕೂ ಮುಂಚೆ ಕೋವಿಡ್ಡಿನ 2021 ಆಗಿತ್ತು. ಏಪ್ರಿಲ್ 22ರಿಂದ ಕೆಲವು ಉದ್ಯಮಗಳನ್ನು ಬಿಟ್ಟು ಉಳಿದವರಿಗೆಲ್ಲ ಆಕ್ಸಿಜನ್ ನಿಲ್ಲಿಸಿದರು. ಜನರ ಉಸಿರಿಗೇ ಇಲ್ಲದಾಗ ನಮ್ಮ ಕಬ್ಬಿಣದ ಕಟಿಂಗ್ ಯಾರಿಗೆ ಬೇಕು, ಅದರಲ್ಲಿ ತಕರಾರು ಇಲ್ಲ. ಡೀಲರ್ ಹುಡುಗರು ರಾತ್ರಿ ಬಂದು ಆಕ್ಸಿಜನ್ ಸಿಲಿಂಡರ್ ಒಯ್ದರು, ನಾನೇ ಗಾಡಿಗೆ ಏರಿಸಿದೆ. ಬೇಜಾರಾಗಿದ್ದು ಆಮೇಲೆ. ಡೆಪಾಸಿಟ್ ಚೀಟಿ ಹಿಡಿದುಕೊಂಡು ಐದು ತಿಂಗಳು ಅಲೆದೆ. ಆಗ ಹೊಳೆದದ್ದು, ಮೂರು ಡೆಪಾಸಿಟ್ ಸೇರಿದರೆ ಹದಿನೆಂಟು ಸಾವಿರ, ಒಂದು ಹೊಸ ಸಿಲಿಂಡರಿನ ದುಡ್ಡಿಗಿಂತ ಜಾಸ್ತಿ ಅಲ್ವಾ?

ಶುರು ಮಾಡಿದ್ದು ಮಾತ್ರ ತಪ್ಪು ದಾರಿಯಲ್ಲಿ. ಹೊಸದು ಯಾಕೆ ಅಂತ ಸೆಕೆಂಡ್ ಹ್ಯಾಂಡ್ ಹುಡುಕಿದೆ. ಎರಡು ಸಿಕ್ಕವು, ಎರಡೂ 47 ಲೀಟರಿನವು, ತಲಾ 4,500. ಒಂದು ಹಾಸನದಲ್ಲಿ ಮುಚ್ಚಿದ ವರ್ಕ್‌ಶಾಪಿನದು, ಹಳೇ ಬಿಲ್ಲು, ಟೆಸ್ಟ್ ಸರ್ಟಿಫಿಕೇಟು ಎಲ್ಲ ಇತ್ತು. ಇನ್ನೊಂದು ಗುಜರಿಯಲ್ಲಿ, ಹೊಸ ಪೇಂಟ್ ಹೊಡೆದು ಲಕಲಕ ಹೊಳೆಯುತ್ತಿತ್ತು. ಆ ಹೊಳಪಿಗೇ ಮೋಸ ಹೋದೆ. ಫಿಲ್ಲಿಂಗ್ ಪ್ಲಾಂಟಿನಲ್ಲಿ ಹುಡುಗ ಸಿಲಿಂಡರಿನ ಭುಜದ (ಕತ್ತಿನ ಕೆಳಗಿನ ಇಳಿಜಾರು) ಹತ್ತಿರ ಪೇಂಟ್ ಕೆರೆದ. ಪೇಂಟಿನ ಅಡಿಯಲ್ಲಿ ಒಂದು ಗ್ಯಾಸ್ ಕಂಪನಿಯ ಹೆಸರು ಪಂಚ್ ಆಗಿತ್ತು. "ಅಣ್ಣಾ, ಇದು ಅವರ ಮಾಲು. ನೀವು ಯಾರಿಗೆ ದುಡ್ಡು ಕೊಟ್ಟಿದ್ದೀರೋ ಗೊತ್ತಿಲ್ಲ, ನಾವು ತುಂಬಲ್ಲ" ಎಂದ. ಬಾಡಿಗೆಗೆ ಹೋದದ್ದು ವಾಪಸ್ ಬರದೆ ಗುಜರಿ ಸೇರಿತ್ತು. ಕಂಪನಿಯವರಿಗೇ ತಲುಪಿಸಿ ಬಂದೆ. 4,500 ನೀರಿಗೆ ಹಾಕಿದಂತಾಯ್ತು. ಪೇಂಟ್ ನೋಡಬೇಡಿ, ಭುಜ ನೋಡಿ. ಯಾರ ಹೆಸರಿದೆ, ಕೊನೆಯ ಟೆಸ್ಟ್ ಯಾವ ತಿಂಗಳು, ಯಾವ ವರ್ಷ, ಸರ್ಟಿಫಿಕೇಟಿನ ನಂಬರಿಗೂ ಪಂಚಿಗೂ ತಾಳೆ ಆಗುತ್ತಾ. ತಾಳೆ ಆಗದಿದ್ದರೆ ಸಾವಿರ ರೂಪಾಯಿಗೆ ಕೊಟ್ಟರೂ ಬೇಡ.

ಬಿಲ್ಲಿದ್ದ ಸಿಲಿಂಡರಿನ ಟೆಸ್ಟ್ ಅವಧಿ ಮುಗಿದಿತ್ತು. ಐದು ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್ (ನೀರು ತುಂಬಿ ಒತ್ತಡ ಹಾಕಿ ನೋಡುವ ಪರೀಕ್ಷೆ) ಆಗಲೇಬೇಕು. ಬೆಂಗಳೂರಿಗೆ ಕಳಿಸಿದೆ. ಟೆಸ್ಟಿಗೆ, ವಾಲ್ವ್ ರಿಪೇರಿಗೆ, ಲಾರಿಗೆ ಎಲ್ಲ ಸೇರಿ ಸಾವಿರದ ಮೇಲೆ ಆಯ್ತು. ಫೇಲಾದರೆ ಮತ್ತೆ ಬಳಸದ ಹಾಗೆ ಕತ್ತರಿಸಿಯೋ ಚಪ್ಪಟೆ ಮಾಡಿಯೋ ಹಾಕುತ್ತಾರೆ. ಆ ಹದಿನೈದು ದಿನ ಮಗನ ಎಸ್ಸೆಸ್ಸೆಲ್ಸಿ ರಿಸಲ್ಟಿಗೆ ಕಾದ ಹಾಗೆ ಕಾದೆ. ಪಾಸಾಯ್ತು. ಇವತ್ತಿಗೂ ನನ್ನ ಆಕ್ಸಿಜನ್ ಸಿಲಿಂಡರ್ ಅದೇ.

ಆರ್ಗಾನಿಗೆ ಮಾತ್ರ ಹೊಸದನ್ನೇ ತಂದೆ. 47 ಲೀಟರ್, ಟ್ಯಾಕ್ಸ್ ಸೇರಿ ಹನ್ನೆರಡೂವರೆ ಸಾವಿರದ ಸುಮಾರು. ಮರುವರ್ಷ 10 ಲೀಟರಿನ ಚಿಕ್ಕದೊಂದು, ಆರು ಸಾವಿರ. ದೊಡ್ಡದರಲ್ಲಿ ಒತ್ತಿ ತುಂಬಿದ 7 ಕ್ಯೂಬಿಕ್ ಮೀಟರ್, ಅಂದರೆ 7,000 ಲೀಟರ್ ಗ್ಯಾಸು. ನಾನು ನಿಮಿಷಕ್ಕೆ 8 ಲೀಟರಿಗೆ ಇಡುತ್ತೇನೆ, ಹದಿನಾಲ್ಕು ಗಂಟೆ ವೆಲ್ಡಿಂಗ್ ಸಿಗುತ್ತದೆ. ಚಿಕ್ಕದರಲ್ಲಿ ಮೂರು ಗಂಟೆ. ಮೂರು ಗಂಟೆ ಏನು ಮಹಾ ಅನ್ನಬೇಡಿ. ತೋಟಕ್ಕೇ ಹೋಗಿ ಹತ್ತು ಪೈಪ್ ಜಾಯಿಂಟ್ ಮಾಡಿ ಬರಲು ಧಾರಾಳ ಸಾಕು. ಸ್ಥಳಕ್ಕೇ ಬರುತ್ತೇನೆ ಅಂದರೆ ರೈಟ್ರು ರೇಟ್ ಚೌಕಾಸಿ ಮಾಡಲ್ಲ. ಆ ಆರು ಸಾವಿರ ಒಂದೇ ಸೀಸನ್ನಿನಲ್ಲಿ ಹುಟ್ಟಿತು.

ಇನ್ನೊಂದು ಲಾಭ ನಾನು ಎಣಿಸಿರಲಿಲ್ಲ. ಖಾಲಿ ಕೊಟ್ಟು ಬದಲಿ ಸಿಲಿಂಡರ್ ತರುತ್ತಿದ್ದಾಗ ಕೆಲವು ಸಲ ಅಲ್ಯೂಮಿನಿಯಂ ಬೆಸುಗೆಯ ಗೆರೆ ಮೇಲೆ ಮಸಿ, ಟಂಗ್‌ಸ್ಟನ್ ಕಡ್ಡಿಯ ತುದಿ ಕಪ್ಪು. ನನ್ನ ಕೈಯದೇ ತಪ್ಪು ಅಂತ ಟಾರ್ಚಿನ ಕಪ್ ಬದಲಿಸಿದೆ, ರಾಡ್ ಬದಲಿಸಿದೆ. ತಪ್ಪು ಗ್ಯಾಸಿನದು. ನನಗಿಂತ ಮುಂಚೆ ಯಾರೋ ಪೂರ್ತಿ ಖಾಲಿ ಮಾಡಿ ವಾಲ್ವ್ ತೆರೆದಿಟ್ಟಿದ್ದರೆ ಒಳಗೆ ಗಾಳಿ, ತೇವ ಸೇರಿಯೇ ಸೇರುತ್ತದೆ. ಈಗ ನನ್ನದನ್ನು ನಾನೇ ಸ್ವಲ್ಪ ಪ್ರೆಶರ್ ಉಳಿಸಿ ಮುಚ್ಚುತ್ತೇನೆ, ಅದನ್ನೇ ತುಂಬಿಸಿ ವಾಪಸ್ ತರುತ್ತೇನೆ. ಗುರುತಿಗೆ ಪೇಂಟಿನಲ್ಲಿ ಮನೆ ಹೆಸರು ಬರೆದಿದ್ದೇನೆ. ಸಿಲಿಂಡರಿಗೆ ಪಂಚ್ ಹೊಡೆಯಲು ಹೋಗಬೇಡಿ. ಇನ್ನು ಪೈಪ್ ಒಳಗಿನ ಬಿಳಿ ತುಕ್ಕನ್ನು ವೆಲ್ಡಿಂಗಿಗೆ ಮೊದಲು ಹೇಗೆ ತೆಗೆಯುತ್ತೇನೆ ಅಂತ ಪೇಟೆಯವರು ತುಂಬ ಸಲ ಕೇಳಿದ್ದಾರೆ. ಅದು ಇಲ್ಲಿ ಬೇಡ. ಹೊಟ್ಟೆಪಾಡು.

ಹೊಸ ಸಿಲಿಂಡರ್ ಬಂದ ಮೊದಲ ವಾರವೇ ಮರ್ಯಾದೆ ಹೋಯಿತು. ರಾತ್ರಿ ವಾಲ್ವ್ ಮುಚ್ಚದೆ ಮಲಗಿದೆ. ಹೋಸ್ ಕ್ಲಿಪ್ಪಿನಲ್ಲಿ ಸಣ್ಣ ಸೋರಿಕೆ ಇತ್ತು. ಬೆಳಗ್ಗೆ ಗೇಜಿನ ಮುಳ್ಳು ಸೊನ್ನೆ! ಹದಿನೈದು ನೂರು ರೂಪಾಯಿ ಗ್ಯಾಸು ಯಾವ ಶಬ್ದವೂ ಇಲ್ಲದೆ ಹೋಗಿತ್ತು. ಅಣ್ಣನಿಗೆ ಇದನ್ನು ಇನ್ನೂ ಹೇಳಿಲ್ಲ.

ಡಿ.ಎ. ಕೊಳ್ಳಲಿಲ್ಲ. ಅದರ ಸಿಲಿಂಡರ್ ಬೆಲೆಯೇ ಜಾಸ್ತಿ, ಒಳಗೆ ಅಸಿಟೋನ್ ಬೇರೆ, ಅದು ಕಡಿಮೆಯಾದರೆ ತುಂಬಿಸಬೇಕು. ಒಮ್ಮೆ ಗಾಡಿಯ ಚಾಸಿ ಬೆಂಡ್ ತೆಗೆಯಲು ದೊಡ್ಡ ನಾಝಲ್ ಹಾಕಿ ಎಳೆದಾಗ ಜ್ವಾಲೆಯ ಜೊತೆ ಅಸಿಟೋನೇ ಬರತೊಡಗಿತ್ತು. ಕಟಿಂಗನ್ನು ಪೂರ್ತಿ ಎಲ್‌ಪಿಜಿಗೆ ಬದಲಿಸಿದೆ, 19 ಕೆ.ಜಿ. ಕಮರ್ಷಿಯಲ್. ಅಡುಗೆಮನೆಯದ್ದನ್ನು ಶೆಡ್ಡಿಗೆ ತರುವ ಚಟ ಬೇಡ. ನಾಝಲ್, ಹೋಸ್ ಬೇರೆ ಬೇಕು. ಕಬ್ಬಿಣ ಬಿಸಿಯಾಗಲು ಸ್ವಲ್ಪ ಹೊತ್ತು ಹಿಡಿಯುತ್ತದೆ, ಆಕ್ಸಿಜನ್ ಜಾಸ್ತಿ ಕುಡಿಯುತ್ತದೆ. 10-12 ಎಂ.ಎಂ. ಪ್ಲೇಟ್ ಕತ್ತರಿಸಲು, ಬ್ರೇಜಿಂಗಿಗೆ (ಹಿತ್ತಾಳೆ ಕರಗಿಸಿ ಬೆಸೆಯುವುದು) ಏನೂ ತೊಂದರೆ ಇಲ್ಲ. ತೆಳು ತಗಡಿನ ಗ್ಯಾಸ್ ವೆಲ್ಡಿಂಗ್ ಮಾತ್ರ ಇದರಲ್ಲಿ ಆಗಲ್ಲ. ಅಂಥ ಕೆಲಸ ನಾಲ್ಕೈದು ಕೂಡಿದಾಗ ಡಿ.ಎ. ಬಾಡಿಗೆಗೆ ತಂದು, ಹತ್ತು ದಿನದ ಒಳಗೆ ಮುಗಿಸಿ ವಾಪಸ್ ಬಿಡುತ್ತೇನೆ. ಅಂದರೆ ಬಾಡಿಗೆಯೇ ಇಲ್ಲ. ಡೀಲರಿಗೆ ನನ್ನ ಮೇಲೆ ಕೋಪ ಇರುವುದು ಇದಕ್ಕೇ.

ನಡುವೆ ಒಂದು ಹುಚ್ಚೂ ಮಾಡಿದೆ. ಕಾರ್ಬೈಡಿಗೆ ನೀರು ತಾಗಿಸಿ ಅಸಿಟಿಲಿನ್ ತೆಗೆಯುವ, ಅಪ್ಪನ ಕಾಲದ ಕಾರ್ಬೈಡ್ ಡ್ರಮ್ ಅಟ್ಟದಿಂದ ಇಳಿಸಿ ತೊಳೆದೆ. ಒಂದು ಕೆ.ಜಿ. ಕಾರ್ಬೈಡಿಗೆ 300 ಲೀಟರ್ ಒಳಗೇ ಗ್ಯಾಸು. ನಾಲ್ಕು ದಿನಕ್ಕೆ ಶೆಡ್ ಪೂರ್ತಿ ಬೆಳ್ಳುಳ್ಳಿ ವಾಸನೆ, ಸುಣ್ಣದ ರಾಡಿ. ಸುಣ್ಣ ಹಾಳು ಮಾಡೋದು ಯಾಕೆ ಅಂತ ಬಿಸಿಲು ಬೀಳುವ ಸಾಲಿನ ಅಡಿಕೆ ಮರಗಳಿಗೆ ಬಳಿದೆ. ಸುಣ್ಣ ಚೆನ್ನಾಗಿ ನಿಂತಿತು, ವೆಲ್ಡಿಂಗ್ ಮಾತ್ರ ಸರಿಯಾಗಲಿಲ್ಲ. ಪಕ್ಕದ ಹುಡುಗ ಹೋಸ್ ಸೇರಿಸಲು ತಾಮ್ರದ ಪೈಪಿನ ತುಂಡು ತಂದಾಗ ಬೈದು ಕಳಿಸಿದೆ. ಅಸಿಟಿಲಿನ್ ತಾಮ್ರಕ್ಕೆ ತಾಗಿದರೆ ಸಿಡಿಯುವ ಪದಾರ್ಥ ಹುಟ್ಟುತ್ತದೆ. ಮಾರನೇ ದಿನ ಡ್ರಮ್ ಅಟ್ಟಕ್ಕೇ ಹೋಯಿತು.

ಸ್ವಂತ ಸಿಲಿಂಡರಿನ ನಿಜವಾದ ಕಾಟ ತುಂಬಿಸುವುದು. ಬಾಡಿಗೆಯಾದರೆ ಮನೆ ಬಾಗಿಲಿಗೆ ಬರುತ್ತದೆ. ಊರಿನ ಡೀಲರ್ ಬೇರೆಯವರ ಸಿಲಿಂಡರ್ ಮುಟ್ಟಲ್ಲ. ಹಾಸನದವರೆಗೆ ಹೋಗಬೇಕು, ಗೂಡ್ಸ್ ಆಟೋಗೆ ಹೋಗಿಬರಲು 1,800ರ ಹತ್ತಿರ. ಚಿಕ್ಕದನ್ನು ಸ್ಕೂಟರಿನಲ್ಲಿ ಇಟ್ಟು ಹೊರಡುವ ಅಂತ ಅನಿಸುತ್ತದೆ, ತುಂಬಿದ ಸಿಲಿಂಡರನ್ನು ದ್ವಿಚಕ್ರದಲ್ಲಿ ಒಯ್ಯಬಾರದೆಂದು ನಿಯಮವೇ ಇದೆ. ಮೊದಲ ವರ್ಷ ಗಾಡಿ ಖರ್ಚೇ ಉಳಿತಾಯವನ್ನೆಲ್ಲ ನುಂಗಿತು. ಆಗ ಅಣ್ಣ ನಕ್ಕಿದ್ದು ನೆನಪಿದೆ. ಈಗ ಬೇಲೂರಿನ ಕಡೆಯ ಇಬ್ಬರ ಜೊತೆ ಸೇರಿ ಒಂದೇ ಟ್ರಿಪ್ ಮಾಡುತ್ತೇವೆ. ಅದೇ ದಿನ ತುಂಬಿಸಿಕೊಡುವಂತೆ ಮಾಡಲು ಯಾವ ವಾರ, ಎಷ್ಟು ಹೊತ್ತಿಗೆ ಹೋಗಬೇಕು ಎಂಬುದು ನಮ್ಮ ಮೂವರಿಗೆ ಮಾತ್ರ ಗೊತ್ತು.

ಒಟ್ಟು ಲೆಕ್ಕ, ಬಾಯಿಲೆಕ್ಕ. ಹೋದ ಗುಜರಿ ಸಿಲಿಂಡರೂ ಸೇರಿ ಹಾಕಿದ್ದು 28-29 ಸಾವಿರ. ಅದರಲ್ಲಿ 18 ಸಾವಿರ ಹಳೇ ಡೆಪಾಸಿಟ್ಟೇ. ಬಾಡಿಗೆ ಉಳಿದದ್ದರಲ್ಲಿ ಗಾಡಿ ಖರ್ಚು ಕಳೆದರೆ, ಮೊದಲ ವರ್ಷ ಬಿಟ್ಟು, ವರ್ಷಕ್ಕೆ ಎಂಟು-ಒಂಬತ್ತು ಸಾವಿರ. ಈ ಸಲದ ಸ್ಪ್ರಿಂಕ್ಲರ್ ಸೀಸನ್ನಿಗೆ ಹಾಕಿದ್ದೆಲ್ಲ ಕೈಗೆ ಬಂತು. ದಿನಾ ಗ್ಯಾಸ್ ಉರಿಸುವ, ವಾರಕ್ಕೆರಡು ಸಿಲಿಂಡರ್ ಮುಗಿಸುವ ಅಣ್ಣನಂಥವರಿಗೆ ಬಾಡಿಗೆಯೇ ಸರಿ, ಅವರ ಸಿಲಿಂಡರ್ ಹತ್ತು ದಿನ ನಿಲ್ಲುವುದೇ ಇಲ್ಲ. ಮಿಗ್ ವೆಲ್ಡಿಂಗಿಗೆ (ತಂತಿ ತಾನೇ ಬರುವ ಮಷೀನು) ಬೇಕಾದ ಸಿ.ಓ.ಟೂ ಗ್ಯಾಸನ್ನು ನಾನೂ ಬಾಡಿಗೆಗೇ ತರುತ್ತೇನೆ. ಚಳಿಯಲ್ಲಿ ಅದರ ರೆಗ್ಯುಲೇಟರ್ ಹೆಪ್ಪುಗಟ್ಟುವ ಕಥೆ ಇನ್ನೊಂದು ಸಲ.

ಹೋದ ಮಾರ್ಚಿನಲ್ಲಿ, ಕೆಲಸ ತಲೆಮೇಲೆ ಇರುವಾಗ, ಅಣ್ಣನೇ ಫೋನ್ ಮಾಡಿದರು. ಆಲ್ದೂರು ಕಡೆ ತೋಟಕ್ಕೇ ಹೋಗಿ ಮಾಡುವ ಕೆಲಸ ಬಂದಿದೆ, ದೊಡ್ಡದನ್ನು ಗುಡ್ಡ ಹತ್ತಿಸಲು ಆಗಲ್ಲ, "ನಿನ್ನ ಆ ಚಿಕ್ಕ ಎಮ್ಮೆ ಎರಡು ದಿನ ಕೊಡೋ" ಎಂದರು. ಕೊಟ್ಟೆ. ಇನ್ನೂ ವಾಪಸ್ ಬಂದಿಲ್ಲ.