ಆರ್ಕೆಸ್ಟ್ರಾ ಕೀಬೋರ್ಡಿನ ಮುಂದೆ ನನ್ನ ಮೂರು ವರ್ಷ: 1990ರಿಂದ 92

ದಾವಣಗೆರೆಯ ಒಂದು ಆರ್ಕೆಸ್ಟ್ರಾದಲ್ಲಿ ನಾನು ಕೀಬೋರ್ಡ್ ನುಡಿಸಲು ಸೇರಿದ್ದು 1989ರ ಕೊನೆಯಲ್ಲಿ. ಹಾರ್ಮೋನಿಯಂ ಚೆನ್ನಾಗಿ ಬರುತ್ತಿತ್ತು. ಕೀಬೋರ್ಡ್ ಅಂದರೆ ತಿದಿ ಒತ್ತದ ಹಾರ್ಮೋನಿಯಂ ಅಂತಲೇ ತಿಳಿದಿದ್ದೆ. ಬಲಗೈಲಿ ಹಾಡಿನ ಟ್ಯೂನ್, ಎಡಗೈಲಿ ಕಾರ್ಡ್, ಅಂದರೆ ಒಟ್ಟಿಗೆ ಒತ್ತುವ ಮೂರು-ನಾಲ್ಕು ಸ್ವರ, ಅಷ್ಟೇ ನನ್ನ ಲೆಕ್ಕ. ಮುಂದಿನ ಮೂರು ವರ್ಷದಲ್ಲಿ ಬಂದ ಕೆಲವು ಹಾಡುಗಳು ಆ ಲೆಕ್ಕವನ್ನು ಹೇಗೆ ಬದಲಿಸಿದವು ಅನ್ನುವುದನ್ನು, ನುಡಿಸಿದವನ ಕಡೆಯಿಂದ, ಬರೆದಿಡಬೇಕು ಅನಿಸಿದೆ.

ಮೊದಲು ಹಾಡು ಕಲಿಯುತ್ತಿದ್ದ ರೀತಿ ಹೇಳುತ್ತೇನೆ. ನೋಟೇಶನ್ ಎಲ್ಲೂ ಸಿಗುತ್ತಿರಲಿಲ್ಲ. ಕ್ಯಾಸೆಟ್ ತರುವುದು, ಟೇಪ್ ರೆಕಾರ್ಡರ್‌ಗೆ ಹಾಕುವುದು, ನಾಲ್ಕು ಸೆಕೆಂಡ್ ಕೇಳುವುದು, ನಿಲ್ಲಿಸುವುದು, ಹಿಂದಕ್ಕೆ ತಿರುಗಿಸುವುದು. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಸರಿಗಮದಲ್ಲೇ ಬರೆದುಕೊಳ್ಳುತ್ತಿದ್ದೆ. ಒಂದು ಹಾಡಿಗೆ ಎರಡು ರಾತ್ರಿ ಹಿಡಿಯುತ್ತಿತ್ತು. ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ಮನೆಯ ಟೇಪ್ ರೆಕಾರ್ಡರ್ ಯಾವುದೂ ಕರಾರುವಾಕ್ಕಾಗಿ ಆ ವೇಗದಲ್ಲಿ ಓಡುವುದಿಲ್ಲ. ನೂರಕ್ಕೆ ಮೂರರಷ್ಟು ವೇಗ ಹೆಚ್ಚಾದರೂ ಸಾಕು, ಹಾಡು ಸಿ ಮತ್ತು ಸಿ ಶಾರ್ಪ್ ಮನೆಗಳ (ಕೀಬೋರ್ಡಿನ ಕೀಲಿಗೆ ನಾವು ಮನೆ ಅನ್ನುತ್ತೇವೆ) ನಡುವೆ ಎಲ್ಲೋ ಹೋಗಿ ಕೂರುತ್ತದೆ, ಯಾವ ಮನೆ ಒತ್ತಿದರೂ ಸೇರುವುದಿಲ್ಲ. ಮೊದಮೊದಲು ನನ್ನ ಕಿವಿಯೇ ಕೆಟ್ಟಿದೆ ಅಂದುಕೊಂಡಿದ್ದೆ. ಕೀಬೋರ್ಡಿನ ಹಿಂಬದಿಯಲ್ಲಿದ್ದ ಟ್ಯೂನಿಂಗ್ ತಿರುಪನ್ನು ಕ್ಯಾಸೆಟ್ಟಿಗೆ ಹೊಂದಿಸಿಕೊಂಡು ಕಲಿಯಬೇಕು, ಸ್ಟೇಜಿಗೆ ಹೋಗುವ ಮುಂಚೆ ಮತ್ತೆ ಸರಿ ಮಾಡಿಕೊಳ್ಳಬೇಕು ಅಂತ ಹೇಳಿಕೊಟ್ಟವರು ನಮ್ಮ ಗಿಟಾರ್ ಮೇಷ್ಟ್ರು.

1990ರಲ್ಲಿ ಎಲ್ಲಿ ನೋಡಿದರೂ 'ಆಶಿಕಿ'. ನದೀಮ್-ಶ್ರವಣ್ ಸಂಗೀತ, ಕುಮಾರ್ ಸಾನು, ಅನುರಾಧಾ ಪೌಡ್ವಾಲ್ ದನಿ. ಮದುವೆ ಆರತಕ್ಷತೆ ಇರಲಿ, ಗಣಪತಿ ಪೆಂಡಾಲ್ ಇರಲಿ, ಇಂಥ ಹಾಡು ಬೇಕು ಅಂತ ಸ್ಟೇಜಿಗೆ ಬರುವ ಚೀಟಿಗಳಲ್ಲಿ ಅರ್ಧ ಆ ಸಿನಿಮಾದ್ದೇ. ಕೈಗೆ ಅವು ಕಷ್ಟವಾಗಿರಲಿಲ್ಲ. ಢೋಲಕ್ಕು ಬಿಗಿಯಾಗಿ ನಡೆದು, ಹಿಂದೆ ಸ್ಟ್ರಿಂಗ್ಸ್ (ವಯಲಿನ್ ಗುಂಪಿನ ದನಿ) ತುಂಬಿಕೊಟ್ಟರೆ ಹಾಡು ತಾನೇ ನಿಲ್ಲುತ್ತಿತ್ತು. ಆದರೆ ಜನ ಒಂದೇ ಹಾಡನ್ನು ಒಂದೇ ರಾತ್ರಿ ಮೂರು ಸಲ ಕೇಳುವುದನ್ನು ನಾನು ಕಂಡದ್ದು ಆಗಲೇ. ಹತ್ತು ವರ್ಷದಿಂದ ಹೊಡೆದಾಟದ ಸಿನಿಮಾಗಳ ಅಬ್ಬರದಲ್ಲಿ ಹಿಂದೆ ಸರಿದಿದ್ದ ಮೆಲುದನಿಯ ಹಾಡಿಗೆ ಜನ ಎಷ್ಟು ಹಸಿದಿದ್ದರು ಅನ್ನುವುದು ಸ್ಟೇಜ್ ಮೇಲಿಂದ ಕಾಣುತ್ತಿತ್ತು.

ಅದೇ ವರ್ಷ ಸೆಪ್ಟೆಂಬರ್ 30ರಂದು ನಮ್ಮೂರಿನ ಹತ್ತಿರ ಆನಗೋಡಿನಲ್ಲಿ ಶಂಕರ್‌ನಾಗ್ ಅಪಘಾತದಲ್ಲಿ ತೀರಿಕೊಂಡರು. ಆ ವಾರ ನಮಗೆ ಒಪ್ಪಿಕೊಂಡಿದ್ದ ಎರಡು ಪ್ರೋಗ್ರಾಮ್ ಇದ್ದವು. ಒಂದು ರದ್ದಾಯಿತು. ಇನ್ನೊಂದರಲ್ಲಿ 'ಗೀತಾ' ಚಿತ್ರದ 'ಜೊತೆಯಲಿ' ಶುರು ಮಾಡಿದೆವು. ಪಲ್ಲವಿ ಮುಗಿಯುವಷ್ಟರಲ್ಲಿ ಗಾಯಕರ ಗಂಟಲು ಕಟ್ಟಿತು, ಜನವೇ ಹಾಡಿ ಮುಗಿಸಿದರು. ನಾನು ಕಾರ್ಡ್ ಮಾತ್ರ ಹಿಡಿದು ಕೂತಿದ್ದೆ. ಟ್ಯೂನ್ ನುಡಿಸದೆ ಇಡೀ ಹಾಡು ದಾಟಿದ್ದು ನನ್ನ ಬದುಕಿನಲ್ಲಿ ಅದೇ ಮೊದಲು.

1991 ನನಗೆ ಹಂಸಲೇಖ ಅವರ ವರ್ಷ. 'ಪ್ರೇಮಲೋಕ' 1987ರಲ್ಲೇ ಬಂದು ಕನ್ನಡ ಹಾಡಿನ ನಡಿಗೆಯನ್ನೇ ಬದಲಿಸಿತ್ತು. 1991ರ 'ರಾಮಾಚಾರಿ' ಹೊತ್ತಿಗೆ ಕ್ಯಾಸೆಟ್ ಅಂಗಡಿಯವರು ಬಾಗಿಲು ತೆಗೆದಕೂಡಲೇ ಹಾಕುತ್ತಿದ್ದುದು ಅವರ ಹಾಡು. ಅದು ತಮಿಳಿನ 'ಚಿನ್ನ ತಂಬಿ'ಯ ಕನ್ನಡ ರೂಪ. ಮೂಲದಲ್ಲಿ ಇಳಯರಾಜ ಸಂಗೀತವಿತ್ತು, ಅದರ ಹಾಡುಗಳು ನಮ್ಮ ಕಡೆಯೂ ಜನರ ಬಾಯಲ್ಲಿದ್ದವು. ಆದರೂ ಹಂಸಲೇಖ ಬೇರೆಯೇ ಟ್ಯೂನ್ ಹಾಕಿ, ಸಾಹಿತ್ಯವನ್ನೂ ತಾವೇ ಬರೆದು ಗೆದ್ದರು. ನಮ್ಮಂಥವರಿಗೆ ಇದು ಸಣ್ಣ ಧೈರ್ಯವಾಗಿ ಕಾಣಲಿಲ್ಲ.

ನನ್ನ ತೊಂದರೆ ಇದ್ದದ್ದು ಅವರ ಬಿಜಿಎಮ್ಮಿನಲ್ಲಿ. ಪಲ್ಲವಿಗೂ ಚರಣಕ್ಕೂ ನಡುವೆ ಬರುವ ವಾದ್ಯದ ತುಣುಕನ್ನು ನಾವು ಹಾಗೆನ್ನುತ್ತೇವೆ. ಹಳೆಯ ಹಾಡುಗಳಲ್ಲಿ ಆ ಜಾಗದಲ್ಲಿ ಏನೋ ಒಂದು ನುಡಿಸಿ ತೇಲಿಸಿಬಿಡಬಹುದಿತ್ತು. 'ನಮ್ಮೂರ ಯುವರಾಣಿ ಕಲ್ಯಾಣವಂತೆ' ನುಡಿಸುವಾಗ ಹಾಗೆ ತೇಲಿಸಲು ಹೋದೆ. ಮುಂದಿನ ಸಾಲಿನ ಹುಡುಗರು ಸರಿಯಾದ ಬಿಜಿಎಮ್ಮನ್ನು ಬಾಯಲ್ಲೇ ಹಾಡಿ ತೋರಿಸಿದರು. ಮಾತಿನಷ್ಟೇ ವಾದ್ಯವನ್ನೂ ಬಾಯಿಪಾಠ ಮಾಡಿಕೊಂಡ ಕೇಳುಗರು ಬಂದಿದ್ದರು. ಅಂದಿನಿಂದ ನೋಟ್‌ಬುಕ್ಕಿನಲ್ಲಿ ಹಾಡಿಗೆ ಒಂದು ಪುಟ, ಬಿಜಿಎಮ್ಮಿಗೆ ಎರಡು ಪುಟ ಅಂತ ಶುರುವಾಯಿತು. ಕೊಳಲಿನ ತುಣುಕಿಗೆ ಕೊಳಲಿನ ಟೋನ್, ಅದು ಮುಗಿದ ಅರ್ಧ ಮಾತ್ರೆಯಲ್ಲಿ ಸ್ಟ್ರಿಂಗ್ಸ್ ಟೋನ್. ಬಟನ್ ಬದಲಿಸುವ ಜಾಗಕ್ಕೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದೆ.

ಒಂದು ರಾತ್ರಿ ಹರಪನಹಳ್ಳಿ ಕಡೆಯ ಹಳ್ಳಿಯಲ್ಲಿ ಹಾಡಿನ ನಡುವೆ ಕರೆಂಟ್ ಹೋಯಿತು. ಜನರೇಟರ್ ಎಳೆದರು, ಬೆಳಕು ಬಂತು, ಗಾಯಕರು ಬಿಟ್ಟ ಜಾಗದಿಂದಲೇ ಹಿಡಿದರು. ಕೀಬೋರ್ಡ್ ಆಫ್ ಆಗಿ ಆನ್ ಆದರೆ ಶ್ರುತಿ ಏರಿಸಿ ಇಳಿಸುವ ಟ್ರಾನ್ಸ್‌ಪೋಸ್ ಸೊನ್ನೆಗೆ ಮರಳುತ್ತದೆ ಅನ್ನುವುದು ನನಗೆ ನೆನಪಾಗಲಿಲ್ಲ. ಅವರು ಡಿ ಶ್ರುತಿಯಲ್ಲಿ, ನಾನು ಸಿಯಲ್ಲಿ. ಒಂದಿಡೀ ಸಾಲು ಹಾಗೇ ಹೋಯಿತು. ಮರುದಿನವೇ ಪ್ಲಾಸ್ಟರ್ ಪಟ್ಟಿಯ ಮೇಲೆ ಪ್ರತಿ ಹಾಡಿನ ಶ್ರುತಿ ಬರೆದು ಕೀಬೋರ್ಡಿನ ನೆತ್ತಿಗೆ ಅಂಟಿಸಿದೆ. ಇವತ್ತಿಗೂ ಹಾಗೇ ಮಾಡುತ್ತೇನೆ.

ಸ್ಟಾರ್ ಟಿವಿ ಮೂಲಕ ಎಂಟಿವಿ ನಮ್ಮ ದೇಶಕ್ಕೆ ಬಂದದ್ದೂ 1991ರಲ್ಲೇ. ನಮ್ಮ ಬೀದಿಯಲ್ಲಿ ಡಿಶ್ ಇದ್ದ ಮನೆ ಒಂದೇ ಒಂದು. ಆ ನವೆಂಬರಿನಲ್ಲಿ ಹೊರಬಂದ ಮೈಕಲ್ ಜಾಕ್ಸನ್ ಅವರ 'ಬ್ಲ್ಯಾಕ್ ಆರ್ ವೈಟ್' ನೋಡಲು ಡ್ಯಾನ್ಸ್ ಹುಡುಗರು ಕಿಟಕಿಯ ಹೊರಗೆ ನಿಲ್ಲುತ್ತಿದ್ದರು. ಒಬ್ಬರ ಮುಖ ಇನ್ನೊಬ್ಬರ ಮುಖವಾಗಿ ಕರಗುವ ಆ ಕೊನೆಯ ಭಾಗವನ್ನು ನಾನೂ ನೋಡಿದೆ. ನುಡಿಸುವವನಾಗಿ ನನಗೆ ಹೆಚ್ಚು ದಕ್ಕಲಿಲ್ಲ.

ಆಮೇಲೆ 1992, 'ಜೀವನ ಚೈತ್ರ'. ಮೂರು ವರ್ಷದ ಬಿಡುವಿನ ನಂತರ ಡಾ. ರಾಜ್‌ಕುಮಾರ್ ತೆರೆಗೆ ಮರಳಿದ ಚಿತ್ರ. ಉಪೇಂದ್ರಕುಮಾರ್ ಸಂಗೀತದ 'ನಾದಮಯ ಈ ಲೋಕವೆಲ್ಲಾ' ಹಾಡಿಗೆ ಆ ಸಾಲಿನ ಶ್ರೇಷ್ಠ ಗಾಯಕ ರಾಷ್ಟ್ರ ಪ್ರಶಸ್ತಿ ಅಣ್ಣಾವ್ರಿಗೆ ಬಂತು. 1929ರಲ್ಲಿ ಹುಟ್ಟಿದವರು, ಅರವತ್ತು ದಾಟಿದ ಮೇಲೆ ಹಿಂದೂಸ್ತಾನಿ ತೋಡಿ ರಾಗವನ್ನು ಆ ಗಂಟಲಲ್ಲಿ ಹೊರಳಿಸಿದ್ದಾರೆ. ಕೇಳಿದವರೆಲ್ಲ ನಮ್ಮನ್ನೂ ಕೇಳತೊಡಗಿದರು: ನಾದಮಯ ಹಾಡ್ತೀರೇನ್ರಿ?

ನಮ್ಮ ಗಾಯಕರು ಮೂರು ವಾರ ತಾಲೀಮು ಮಾಡಿದರು. ನಾನೂ ಆಲಾಪವನ್ನು ಸ್ವರಸ್ವರವಾಗಿ ಬರೆದೆ. ಕೋಮಲ ರಿಷಭ, ಕೋಮಲ ಗಾಂಧಾರ, ತೀವ್ರ ಮಧ್ಯಮ, ಕೋಮಲ ಧೈವತ. ಮನೆಗಳೇನೋ ಗೊತ್ತಾದವು. ನುಡಿಸಿದರೆ ತೋಡಿ ಬರಲೇ ಇಲ್ಲ. ಆ ರಾಗದ ಗಾಂಧಾರ ಕೀಬೋರ್ಡಿನ ಗಾಂಧಾರಕ್ಕಿಂತ ಒಂದಿಷ್ಟು ಕೆಳಗೆ ಕೂರುತ್ತದೆ, ಮೇಲಾಗಿ ಅದು ರಿಷಭದಿಂದ ಜಾರಿಕೊಂಡು ಬರಬೇಕು. ನನ್ನದು ಅಗ್ಗದ ಸೆಕೆಂಡ್ ಹ್ಯಾಂಡ್ ಯಮಹಾ, ಸ್ವರ ಜಾರಿಸುವ ಚಕ್ರ ಅದಕ್ಕಿರಲಿಲ್ಲ. ಒತ್ತಿದರೆ ಒಂದು ಮನೆ, ಬಿಟ್ಟರೆ ಇನ್ನೊಂದು ಮನೆ, ನಡುವೆ ದಾರಿಯೇ ಇಲ್ಲ. ನಾನು ಬೆನ್ನು ಹತ್ತಿದಷ್ಟೂ ಅವರ ಗಾಂಧಾರ ನನ್ನ ಮನೆಯ ಕಡೆಗೆ ಏರಿ ಬೇಸೂರಾಗುತ್ತಿತ್ತು.

ತಾಲೀಮಿನ ಮಧ್ಯೆ ಅವರು ನಿಲ್ಲಿಸಿ, "ತಮ್ಮಾ, ನನ್ನ ಹಿಂದೆ ಬರಬ್ಯಾಡ. ಶ್ರುತಿ ಹಿಡ್ಕೊಂಡಿರು, ಸಾಕು" ಅಂದರು.

ನನಗೆ ಬೇಜಾರಾಯಿತು. ಅಷ್ಟು ಬರೆದಿದ್ದೆನಲ್ಲ! ಆದರೆ ಗಣಪತಿ ಸೀಸನ್ನಿನ ಮೊದಲ ಪ್ರೋಗ್ರಾಮಿನಲ್ಲಿ ಅವರು ಹೇಳಿದಂತೆ ಮಾಡಿದೆ. ಷಡ್ಜ, ಪಂಚಮ, ಮೇಲಿನ ಷಡ್ಜ, ಮೂರೇ ಮನೆ. ಅವರು ಕಣ್ಣು ಮುಚ್ಚಿ ಎಳೆದ ಗಾಂಧಾರ ಈಗ ತನ್ನ ಜಾಗದಲ್ಲೇ ಕೂತಿತು. ಪೆಂಡಾಲಿನಲ್ಲಿ ಮಕ್ಕಳ ಗಲಾಟೆಯೂ ಅಡಗಿತು. ಮೂರು ಬೆರಳು ಕೀಬೋರ್ಡಿನ ಮೇಲಿಟ್ಟುಕೊಂಡು, ನನ್ನ ವಾದ್ಯ ಏನು ಮಾಡಲಾರದು ಅನ್ನುವುದನ್ನು ಅಷ್ಟು ಹತ್ತಿರದಿಂದ ನಾನು ಹಿಂದೆಂದೂ ಕೇಳಿರಲಿಲ್ಲ.

ಆ ಸೀಸನ್ ಮುಗಿಯುತ್ತಿದ್ದಂತೆ ನಮ್ಮ ರಿದಮ್ ಪ್ಯಾಡ್ (ಕಡ್ಡಿಯಲ್ಲಿ ಬಡಿಯುವ ಎಲೆಕ್ಟ್ರಾನಿಕ್ ತಾಳವಾದ್ಯ) ಹುಡುಗ ಬೆಂಗಳೂರಿನ ಮೆಜೆಸ್ಟಿಕ್ಕಿನಿಂದ ಒಂದು ತಮಿಳು ಕ್ಯಾಸೆಟ್ ತಂದ. 'ರೋಜಾ'. ಚಿತ್ರ ಆಗಸ್ಟ್ 15ಕ್ಕೆ ಬಿಡುಗಡೆಯಾಗಿತ್ತು. ಎ. ಆರ್. ರೆಹಮಾನ್ ಎಂಬ ಇಪ್ಪತ್ತೈದರ ಹುಡುಗ, ಮದರಾಸಿನಲ್ಲಿ ತನ್ನದೇ ಸ್ಟುಡಿಯೋದಲ್ಲಿ ಕೂತು ಮಾಡಿದ ಹಾಡುಗಳು. "ಅಣ್ಣಾ, ಇದನ್ನ ಕೇಳ್ರಿ. ಇದ್ರಾಗ ಕೆಳಗಿನ ಸೌಂಡೇ ಬ್ಯಾರೆ ಐತಿ" ಅಂದ.

ಕೇಳಿದೆ. 'ಚಿನ್ನ ಚಿನ್ನ ಆಸೈ'. ಮಿನ್‌ಮಿನಿ ಅವರ ತೆಳು ದನಿ, ಅದರ ಸುತ್ತ ತುಂಬಾ ಖಾಲಿ ಜಾಗ. ಐವತ್ತು ವಯಲಿನ್ ಇಲ್ಲ. ಇದ್ದ ಕೆಲವೇ ವಾದ್ಯ ಒಂದೊಂದೂ ಬಿಡಿಬಿಡಿಯಾಗಿ, ತೊಳೆದಿಟ್ಟ ಲೋಟದ ಹಾಗೆ ಕೇಳುತ್ತಿತ್ತು. ಕೆಳಗೆ ಬೇಸ್, ಅಂದರೆ ತಗ್ಗಿನ ದಪ್ಪ ಸ್ವರಗಳ ಸಾಲು, ತನ್ನದೇ ಇನ್ನೊಂದು ಟ್ಯೂನ್ ಹಾಡಿಕೊಂಡು ನಡೆಯುತ್ತಿತ್ತು. ನನ್ನ ಟೇಪ್ ರೆಕಾರ್ಡರಿನ ಅಂಗೈಯಗಲದ ಸ್ಪೀಕರಿನಲ್ಲಿ ಆ ಬೇಸ್ ಇದೆ ಅಂತ ಮಾತ್ರ ಗೊತ್ತಾಗುತ್ತಿತ್ತು, ಯಾವ ಸ್ವರ ಅನ್ನುವುದು ತಿಳಿಯುತ್ತಿರಲಿಲ್ಲ.

ಮೂರು ದಿನ ಒದ್ದಾಡಿ, ಕ್ಯಾಸೆಟ್ ರೆಕಾರ್ಡಿಂಗ್ ಅಂಗಡಿಯ ಗೆಳೆಯನ ಬಳಿ ಹೋದೆ. ಅವನದು ಎರಡು ಕ್ಯಾಸೆಟ್ ಹಾಕುವ ಡಬಲ್ ಡೆಕ್. ಬೇಗ ಕಾಪಿ ಮಾಡಲು ಎರಡರಷ್ಟು ವೇಗದಲ್ಲಿ ಓಡಿಸುವ ಬಟನ್ ಅದರಲ್ಲಿತ್ತು, ಓಡುವಾಗ ಹಾಡು ಚಿಕ್ಕ ಮಕ್ಕಳು ಕಿರುಚಿದ ಹಾಗೆ ಹೊರಗೂ ಕೇಳುತ್ತಿತ್ತು. ಆ ಕಿರುಚಾಟದ ನಡುವೆ ಬೇಸ್ ಸ್ಪಷ್ಟವಾಗಿ ಕಿವಿಗೆ ಬಿತ್ತು! ವೇಗ ಎರಡು ಪಟ್ಟಾದರೆ ಸ್ವರ ಸರಿಯಾಗಿ ಒಂದು ಸ್ಥಾಯಿ ಮೇಲೇರುತ್ತದೆ. ನೆಲದಲ್ಲಿ ಹೂತಿದ್ದ ಬೇಸ್ ಮಧ್ಯ ಸ್ಥಾಯಿಗೆ ಬಂದು ನಿಂತಿತ್ತು. ಅಂಗಡಿಯ ಬಾಗಿಲು ಅರ್ಧ ಹಾಕಿಸಿ, ಒಂದೇ ಸಂಜೆಯಲ್ಲಿ ಇಡೀ ಹಾಡಿನ ಬೇಸ್ ಬರೆದುಕೊಂಡೆ. ನೋಟ್‌ಬುಕ್ಕಿನಲ್ಲಿ ಟ್ಯೂನಿಗಿಂತ ಮೊದಲು ಬೇಸ್ ಬರೆದ ಮೊದಲ ಪುಟ ಅದು.

ಆದರೆ ನುಡಿಸಲು ಜಾಗವಿರಲಿಲ್ಲ. 1991ರ ಡಿಸೆಂಬರಿನ ಕಾವೇರಿ ಗಲಭೆಯ ಮೇಲೆ ನಮ್ಮ ತಂಡ ತಮಿಳು ಹಾಡುಗಳನ್ನು ಪಟ್ಟಿಯಿಂದ ತೆಗೆದಿತ್ತು. ಯಾರೂ ಬೇಡ ಅಂದಿರಲಿಲ್ಲ, ನಾವೇ ಹೆದರಿದ್ದೆವು. ಆ ಹಾಡನ್ನು ನಾನು ಮತ್ತು ಪ್ಯಾಡ್ ಹುಡುಗ ಅವನ ಮನೆಯ ಮಹಡಿಯಲ್ಲಿ, ಕೇಳುವವರೇ ಇಲ್ಲದೆ, ತಿಂಗಳುಗಟ್ಟಲೆ ನುಡಿಸಿದೆವು. ಹಾಡಿಗೆ ಯಾವ ನೀರಿನ ಜಗಳವೂ ಇಲ್ಲ, ಅದನ್ನು ಹಾಗೆ ಬಚ್ಚಿಟ್ಟುಕೊಂಡು ನುಡಿಸಬೇಕಾಗಿ ಬಂದದ್ದು ನನಗೆ ಈಗಲೂ ನೋವಿನ ವಿಷಯ.

ಮುಂದೆ 'ರೋಜಾ' ಹಿಂದಿಗೆ ಡಬ್ ಆಗಿ ಬಂತು, 'ದಿಲ್ ಹೈ ಛೋಟಾ ಸಾ' ಅಂತ ಚೀಟಿಗಳು ಬರತೊಡಗಿದವು. ಆಗ ಇನ್ನೊಂದು ತೊಡಕು. ಹಳ್ಳಿ ಪ್ರೋಗ್ರಾಮುಗಳಲ್ಲಿ ಮೈಕ್‌ಸೆಟ್‌ನವರು ಮರಕ್ಕೆ ಕಟ್ಟುತ್ತಿದ್ದದ್ದು ಉದ್ದ ಬಾಯಿಯ ಹಾರ್ನ್ ಸ್ಪೀಕರ್. ಮಾತು ಅದರಲ್ಲಿ ಎರಡು ಮೈಲಿ ಹೋಗುತ್ತದೆ, ಬೇಸ್ ಮಾತ್ರ ಹೊರಗೇ ಬರುವುದಿಲ್ಲ. ನಾನು ನುಡಿಸುತ್ತಿದ್ದೆ, ಯಾರಿಗೂ ಕೇಳುತ್ತಿರಲಿಲ್ಲ, ಹಾಡು ಬೋಳಾಗಿ ನಿಲ್ಲುತ್ತಿತ್ತು. ಆಗ ಡಬಲ್ ಡೆಕ್ ನೆನಪಾಯಿತು. ಅಲ್ಲಿ ಕೇಳಿದ ಹಾಗೆಯೇ ಬೇಸನ್ನು ಒಂದು ಸ್ಥಾಯಿ ಮೇಲೆ ನುಡಿಸಿದೆ. ಹಾರ್ನಿನಲ್ಲೂ ಬಂತು. ಗುಂಯ್ಗುಡುವ ತೂಕ ಇರಲಿಲ್ಲ, ಆದರೆ ಆ ಎರಡನೇ ಟ್ಯೂನ್ ಜನರಿಗೆ ತಲುಪಿತು. ಸುಮಾರು ಒಂದು ವರ್ಷ ಹಾಗೇ ನುಡಿಸಿದೆ.

ಹರಿಹರದ ಒಂದು ಆರತಕ್ಷತೆಗೆ ಮೈಕ್‌ಸೆಟ್‌ನವರು ಮೊದಲ ಸಲ ಹದಿನೈದು ಇಂಚಿನ ಎರಡು ಬಾಕ್ಸ್ ಸ್ಪೀಕರ್ ತಂದಿಟ್ಟರು. ಹಾಡು ಶುರುವಾಗುವ ಮುಂಚೆ ನಾನು ಎಡಗೈಯನ್ನು ಒಂದು ಸ್ಥಾಯಿ ಕೆಳಗೆ, ಬೇಸ್ ನಿಜವಾಗಿ ಇರುವ ಮನೆಗೆ, ಇಳಿಸಿದೆ. ಮೊದಲ ಸ್ವರಕ್ಕೇ ಸ್ಟೇಜಿನ ಹಲಗೆ ಪಾದದಡಿ ನಡುಗಿತು. ಪ್ಯಾಡ್ ಹುಡುಗ ಕಡ್ಡಿ ನಿಲ್ಲಿಸದೆಯೇ ನನ್ನ ಕಡೆ ತಿರುಗಿ ನೋಡಿದ.